ಸಿಗ್ನಲ್‌ನಲ್ಲಿ ನಿಂತಾಗ ನಡುಗುವ ಇಂಜಿನ್: ಬಿಡಿಭಾಗ ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಪ್ರಶ್ನೆ: ನನ್ನದು 2014ರ ಮಾದರಿಯ, ನಾಲ್ಕು ಸಿಲಿಂಡರ್‌ಗಳ 1.2 ಲೀಟರ್ ಪೆಟ್ರೋಲ್ ಕಾರು. ಬೆಂಗಳೂರಿನಲ್ಲೇ ಓಡಾಟ, ಈವರೆಗೆ 92,000 ಕಿಲೋಮೀಟರ್ ಓಡಿದೆ. ಕೆಲವು ತಿಂಗಳುಗಳಿಂದ ಸಿಗ್ನಲ್‌ನಲ್ಲಿ ನಿಂತಾಗ ಸ್ಟಿಯರಿಂಗ್, ಸೀಟು, ಕನ್ನಡಿ ಎಲ್ಲವೂ ನಡುಗುತ್ತವೆ. ಬೆಳಿಗ್ಗೆ ಮೊದಲು ಸ್ಟಾರ್ಟ್ ಮಾಡಿದಾಗ ಹೆಚ್ಚು, ಇಂಜಿನ್ ಬಿಸಿಯಾದ ಮೇಲೆ ಸ್ವಲ್ಪ ಕಡಿಮೆ. ಎಸಿ ಹಾಕಿದರೆ ಮತ್ತೆ ಜೋರಾಗುತ್ತದೆ. ಓಡುವಾಗ ಏನೂ ತೊಂದರೆ ಇಲ್ಲ, ಪಿಕಪ್ ಚೆನ್ನಾಗಿದೆ. ಚೆಕ್ ಇಂಜಿನ್ ದೀಪ ಎರಡು ಮೂರು ಸಲ ಹೊತ್ತಿ, ಕೆಲವು ದಿನಗಳಲ್ಲಿ ತಾನೇ ಆರಿದೆ. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಬದಲಾಯಿಸಿ, ಥ್ರಾಟಲ್ ಬಾಡಿ (ಇಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಕ್ಲೀನ್ ಮಾಡಿಸಿದೆ. ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಮೊದಲಿನಂತಾಯಿತು. ಈಗ ಒಬ್ಬ ಮೆಕ್ಯಾನಿಕ್ ನಾಲ್ಕೂ ಇಂಜೆಕ್ಟರ್ ಬದಲಿಸಬೇಕು ಎನ್ನುತ್ತಾರೆ, ಇನ್ನೊಬ್ಬರು ಇಂಜಿನ್ ಮೌಂಟಿಂಗ್ ಹೋಗಿದೆ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಅವರಲ್ಲಿ ಒಬ್ಬರು ಹೇಳಿದ್ದು ಕೊನೆಗೆ ನಿಜವೂ ಆಗಬಹುದು, ಆದರೆ ನೀವೇ ಗಮನಿಸಿ ಬರೆದಿರುವ ವಿವರಗಳನ್ನು ಇಬ್ಬರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ನಡುಕ ನಿಂತಾಗ ಮಾತ್ರ ಇದೆ, ಇಂಜಿನ್ ತಣ್ಣಗಿದ್ದಾಗ ಹೆಚ್ಚು, ಓಡುವಾಗ ಪಿಕಪ್ ಸರಿಯಿದೆ, ಥ್ರಾಟಲ್ ಬಾಡಿ ತೊಳೆದ ಮೇಲೆ ಒಂದೆರಡು ವಾರ ಸುಧಾರಿಸಿತ್ತು. ಈ ನಾಲ್ಕು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದರೆ ಶಂಕಿಸಬೇಕಾದ ಭಾಗಗಳ ಪಟ್ಟಿ ಸಾಕಷ್ಟು ಚಿಕ್ಕದಾಗುತ್ತದೆ, ಮತ್ತು ಆ ಪಟ್ಟಿಯ ಮೊದಲ ಸ್ಥಾನದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇಲ್ಲ, ಇಂಜಿನ್ನನ್ನು ಹಿಡಿದಿಡುವ ರಬ್ಬರಿನ ಮೌಂಟಿಂಗ್ ಕೂಡ ಇಲ್ಲ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಇಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್‌ಗೆ ಸೇರುವ ಕಡೆ, ಸಂದು ಮುಚ್ಚುವ ಗ್ಯಾಸ್ಕೆಟ್ ಗಟ್ಟಿಯಾಗಿ ಗಾಳಿ ಎಳೆದುಕೊಳ್ಳುತ್ತಿರಬಹುದು ಎಂಬುದು ನನ್ನ ಮೊದಲ ಅನುಮಾನ. ಇದು ಪತ್ರ ಓದಿ ಹುಟ್ಟಿದ ಅನುಮಾನವಷ್ಟೇ ಆದ್ದರಿಂದ, ಅದನ್ನು ಖಚಿತಪಡಿಸುವ ಅಥವಾ ತಳ್ಳಿಹಾಕುವ ದಾರಿಯನ್ನು ವಿವರವಾಗಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು, ನಡುಗುತ್ತಿರುವುದು ಇಂಜಿನ್ನೋ ಅಥವಾ ಕಾರಿನ ದೇಹವೋ ಎಂಬುದನ್ನು ಬೇರ್ಪಡಿಸಬೇಕು. ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಬಾನೆಟ್ ತೆರೆದು ಐಡ್ಲಿಂಗ್‌ನಲ್ಲಿರುವ, ಅಂದರೆ ಆಕ್ಸಿಲರೇಟರ್ ತುಳಿಯದೆ ತಾನೇ ತಿರುಗುತ್ತಿರುವ ಇಂಜಿನ್ನನ್ನೇ ಒಂದು ನಿಮಿಷ ನೋಡಿ. ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತುಗಳು) ಮುಳ್ಳು ಕದಲದೆ ನಿಂತಿದ್ದು, ಇಂಜಿನ್ ಶಬ್ದ ಸಮವಾಗಿದ್ದು, ಇಂಜಿನ್ ಕೂಡ ಹೆಚ್ಚು ಅಲುಗಾಡದೆ ಸ್ಟಿಯರಿಂಗ್ ಮಾತ್ರ ಗುಂಯ್‌ಗುಡುತ್ತಿದ್ದರೆ ದೋಷವಿರುವುದು ಮೌಂಟಿಂಗ್‌ನಲ್ಲಿ. ಮುಳ್ಳು ಮೇಲೆ ಕೆಳಗೆ ನಿಧಾನವಾಗಿ ಉಯ್ಯಾಲೆಯಾಡುತ್ತಿದ್ದರೆ ಅಥವಾ 600ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಅದು ಗಾಳಿಯ ನಿಯಂತ್ರಣದ ತೊಂದರೆ. ಇಂಜಿನ್ ಲಯಬದ್ಧವಾಗಿ ಒಂದೇ ಬಗೆಯ ಏಟು ಹಾಕುತ್ತಿದ್ದರೆ ಒಂದು ಸಿಲಿಂಡರ್ ತನ್ನ ಪಾಲಿನ ಕೆಲಸ ಮಾಡುತ್ತಿಲ್ಲ ಎಂದರ್ಥ. ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ.

ಈ ಲಯಕ್ಕೆ ಸರಳವಾದ ಲೆಕ್ಕವಿದೆ. ನಾಲ್ಕು ಸಿಲಿಂಡರ್‌ಗಳ ಇಂಜಿನ್ 750 ಆರ್‌ಪಿಎಂನಲ್ಲಿ ತಿರುಗುವಾಗ ಸೆಕೆಂಡಿಗೆ ಒಟ್ಟು 25 ಸಲ ಇಂಧನ ಉರಿಯುತ್ತದೆ, ಅಂದರೆ ಪ್ರತಿ ಸಿಲಿಂಡರ್ ಸೆಕೆಂಡಿಗೆ ಆರಕ್ಕಿಂತ ಸ್ವಲ್ಪ ಹೆಚ್ಚು ಸಲ. ನಾಲ್ಕೂ ಸರಿಯಿದ್ದಾಗ ಆ 25 ಏಟುಗಳು ಒಂದರೊಳಗೊಂದು ಬೆರೆತು ಸಣ್ಣ ಗುಂಯ್‌ಗಾರವಾಗುತ್ತವೆ, ಅದನ್ನು ಮೌಂಟಿಂಗ್‌ನ ರಬ್ಬರ್ ಸುಲಭವಾಗಿ ನುಂಗುತ್ತದೆ. ಒಂದು ಸಿಲಿಂಡರ್ ಸುಮ್ಮನಾದರೆ ಸೆಕೆಂಡಿಗೆ ಆರು ಸಲ ಬರುವ ನಿಧಾನದ ಕುಲುಕಾಟ ಹುಟ್ಟುತ್ತದೆ, ಅದನ್ನು ರಬ್ಬರ್ ತಡೆಯಲಾರದು, ಸೀಟಿನಲ್ಲಿ ಕುಳಿತವರ ಮೈಗೆ ಅದು ನೇರವಾಗಿ ತಟ್ಟುತ್ತದೆ. ಅದೇ ಇಂಜಿನ್ 2,500 ಆರ್‌ಪಿಎಂಗೆ ಹೋದಾಗ ಕುಲುಕಾಟ ಸೆಕೆಂಡಿಗೆ 20ಕ್ಕೆ ಏರುವುದರಿಂದ ಫ್ಲೈವೀಲ್‌ನ ತೂಕವೂ ಮೌಂಟಿಂಗ್‌ನ ರಬ್ಬರೂ ಸೇರಿ ಅದನ್ನು ಬಹುಪಾಲು ಮುಚ್ಚಿಬಿಡುತ್ತವೆ. ಆದ್ದರಿಂದ “ಓಡುವಾಗ ಏನೂ ಇಲ್ಲ” ಎಂಬ ನಿಮ್ಮ ಮಾತನ್ನು ನಾನು ನಂಬುತ್ತೇನಾದರೂ, ಓಡುವಾಗಲೂ ಮಿಸ್ಸಿಂಗ್ ಇಲ್ಲ ಎಂಬುದನ್ನು ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಯೇ ದೃಢಪಡಿಸಿಕೊಳ್ಳಬೇಕು. ನಿಮ್ಮದು ಮೂರು ಸಿಲಿಂಡರ್‌ಗಳ ಕಾರಾಗಿದ್ದರೆ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕಾಗುತ್ತಿತ್ತು: ಅಂಥ ಇಂಜಿನ್‌ಗಳಿಗೆ ಹುಟ್ಟಿನಿಂದಲೇ ಸ್ವಲ್ಪ ತೊನೆದಾಟವಿರುತ್ತದೆ, ಅದನ್ನು ಕಾಯಿಲೆ ಎಂದು ಭಾವಿಸಿ ದುಡ್ಡು ಸುರಿಯುವವರೂ ಇದ್ದಾರೆ.

ಚೆಕ್ ಇಂಜಿನ್ ದೀಪ ಆರಿದ್ದರಿಂದ ದೋಷ ಹೋಯಿತು ಎಂದುಕೊಳ್ಳಬೇಡಿ. ಸತತವಾಗಿ ಮೂರು ಓಡಾಟಗಳಲ್ಲಿ ಆ ದೋಷ ಮರುಕಳಿಸದಿದ್ದರೆ ದೀಪ ತಾನಾಗಿ ಆರುತ್ತದೆ, ಆದರೆ ದೋಷದ ಸಂಕೇತ ಇಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುವಿನ ನೆನಪಿನಲ್ಲಿ ಇನ್ನೂ ಬಹಳ ದಿನ ಉಳಿದಿರುತ್ತದೆ. ಹಾಗಾಗಿ ಬ್ಯಾಟರಿ ತಂತಿ ಬಿಚ್ಚಿಸುವ ಮೊದಲು ಅದನ್ನು ಓದಿಸಿಕೊಳ್ಳಿ. ಬಿಚ್ಚಿದ ಕ್ಷಣಕ್ಕೆ ಸಂಕೇತ ಅಳಿಸಿಹೋಗುವ ಸಾಧ್ಯತೆಯೇ ಹೆಚ್ಚು. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಒಬಿಡಿ-2 ಎಂಬ ದೋಷ ಪತ್ತೆ ವ್ಯವಸ್ಥೆ ಕಡ್ಡಾಯವಾಗಿರುವುದರಿಂದ ನಿಮ್ಮ ಕಾರಿನ ಸ್ಟಿಯರಿಂಗ್ ಕೆಳಗೆ 16 ಪಿನ್‌ನ ಸಾಕೆಟ್ ಖಂಡಿತ ಇರುತ್ತದೆ, ಬ್ಲೂಟೂತ್‌ನ ಸಾಮಾನ್ಯ ಅಡಾಪ್ಟರ್ ಮತ್ತು ಮೊಬೈಲ್ ಆ್ಯಪ್ ಇದ್ದರೂ ಕೆಲಸ ನಡೆಯುತ್ತದೆ. ಪಿ0300 ಎಂದರೆ ಯಾವುದೋ ಒಂದೇ ಸಿಲಿಂಡರ್ ಎಂದು ಗುರುತಿಸಲಾಗದ ಮಿಸ್ಸಿಂಗ್; ಪಿ0301ರಿಂದ ಪಿ0304ರವರೆಗೆ ಕೊನೆಯ ಅಂಕಿಯೇ ಸಿಲಿಂಡರ್‌ನ ಸಂಖ್ಯೆ; ಪಿ0171 ಎಂದರೆ ಮಿಶ್ರಣದಲ್ಲಿ ಇಂಧನ ಕಡಿಮೆ, ಗಾಳಿ ಹೆಚ್ಚು. ಸಂಕೇತದ ಜೊತೆಗೆ ಆ ಹೊತ್ತಿನ ಆರ್‌ಪಿಎಂ, ಕೂಲಂಟ್‌ನ ಬಿಸಿ, ಇಂಜಿನ್ ಮೇಲಿನ ಹೊರೆ ಇವೂ ದಾಖಲಾಗಿರುತ್ತವೆ. ಅನೇಕ ಗ್ಯಾರೇಜ್‌ಗಳಲ್ಲಿ ಈ ದಾಖಲೆಯನ್ನು ನೋಡದೆ ಸಂಕೇತವನ್ನು ಮಾತ್ರ ಅಳಿಸಿ ಕಳುಹಿಸುತ್ತಾರೆ, ಅದು ಇದ್ದ ಸಾಕ್ಷ್ಯವನ್ನು ಒರೆಸಿ ಹಾಕಿದಂತೆ. ಇಲ್ಲೇ ಒಂದು ಮಾತು ಹೇಳಿಬಿಡಬೇಕು: ದೀಪ ಹೊತ್ತಿರುವುದು ಒಂದು, ಮಿನುಗುವುದು ಇನ್ನೊಂದು. ಅದು ಮಿನುಗತೊಡಗಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಹೊಗೆ ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿಯುತ್ತಿದೆ, ಒಳಗಿನ ಜೇನುಗೂಡಿನಂಥ ಪಿಂಗಾಣಿ ಕರಗುವಷ್ಟು ಬಿಸಿ ಏರಬಹುದು ಎಂದರ್ಥ. ಆಗ ಗಾಡಿಯನ್ನು ಬದಿಗೆ ನಿಲ್ಲಿಸುವುದೇ ಸರಿ.

ಈಗ ನಿಮ್ಮ ವಿವರಗಳು ಏಕೆ ಮುಖ್ಯ ಎಂಬುದಕ್ಕೆ ಬರುತ್ತೇನೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ. ಪ್ರತಿ ಸಿಲಿಂಡರ್‌ಗೆ ಸಿಗುವ ಗಾಳಿ ಮತ್ತು ಪೆಟ್ರೋಲ್ ಅತ್ಯಲ್ಪ, ಹಿಂದಿನ ಸುತ್ತಿನ ಹೊಗೆಯ ಪಾಲು ಅದರಲ್ಲಿ ಬೆರೆತಿರುತ್ತದೆ, ಉರಿಯುವುದೇ ಕಷ್ಟವಾದ ಸ್ಥಿತಿ ಅದು. ಇಂಥ ಹೊತ್ತಿನಲ್ಲಿ ಯಾವುದೋ ಬಿರುಕಿನಿಂದ ಒಂದಿಷ್ಟು ಹೆಚ್ಚುವರಿ ಗಾಳಿ ಒಳಬಂದರೂ ಅದರ ಪ್ರಮಾಣ ಒಟ್ಟು ಗಾಳಿಗೆ ಹೋಲಿಸಿದರೆ ದೊಡ್ಡದು. ಅದೇ ಬಿರುಕು ಥ್ರಾಟಲ್ ತೆರೆದಾಗ ಲೆಕ್ಕಕ್ಕೇ ಬರುವುದಿಲ್ಲ. ವಾಲ್ವ್ ಸರಿಯಾಗಿ ಕೂರದೆ ಕಂಪ್ರೆಶನ್ (ಸಿಲಿಂಡರ್‌ನಲ್ಲಿ ಹಿಂಡಿದ ಮಿಶ್ರಣದ ಒತ್ತಡ) ಸೋರುವುದು ಕೂಡ ಹೀಗೆಯೇ: ನಿಧಾನವಾಗಿ ತಿರುಗುವಾಗ ಸೋರಲು ಸಮಯ ಹೆಚ್ಚು, ವೇಗವಾಗಿ ತಿರುಗುವಾಗ ಕಡಿಮೆ. ಕಿಡಿ ಹೊತ್ತಿಸುವ ಇಗ್ನಿಷನ್‌ನ ನಡವಳಿಕೆ ಇದಕ್ಕೆ ತದ್ವಿರುದ್ಧ. ಸಿಲಿಂಡರ್‌ನಲ್ಲಿ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕು, ಆದ್ದರಿಂದ ಆ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್ ಸೊರಗಿದ್ದರೆ ಅದು ತನ್ನ ಬಣ್ಣ ತೋರಿಸುವುದು ಫ್ಲೈಓವರ್ ಏರುವಾಗ ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ತುಳಿದಾಗ, ಮತ್ತು ಸಾಮಾನ್ಯವಾಗಿ ಇಂಜಿನ್ ಚೆನ್ನಾಗಿ ಕಾದ ಮೇಲೆ. ಪಂಪ್‌ನ ಒತ್ತಡ ಕುಗ್ಗಿ ಇಂಧನ ಸಾಲದಾದಾಗಲೂ ತೊಂದರೆ ಕಾಣುವುದು ಹೊರೆಯಲ್ಲಿಯೇ. ನಿಮ್ಮ ಕಾರು ತಣ್ಣಗಿದ್ದಾಗ, ನಿಂತಾಗ ನಡುಗುತ್ತದೆ, ಹೊರೆಯಲ್ಲಿ ಸುಖವಾಗಿ ಎಳೆಯುತ್ತದೆ. ಹೀಗಾಗಿ ಕಾಯಿಲ್ ಮತ್ತು ಪಂಪ್ ಪಟ್ಟಿಯ ಕೆಳಕ್ಕೆ ಇಳಿಯುತ್ತವೆ, ಗಾಳಿಯ ಸೋರಿಕೆ ಮತ್ತು ಕಂಪ್ರೆಶನ್ ಮೇಲಕ್ಕೆ ಏರುತ್ತವೆ. ತಣ್ಣಗಿದ್ದಾಗ ಹೆಚ್ಚು ಎಂಬುದು ಗ್ಯಾಸ್ಕೆಟ್ ಕಡೆಗೆ ಮತ್ತಷ್ಟು ಬೆರಳು ತೋರಿಸುತ್ತದೆ, ಏಕೆಂದರೆ ಹಳತಾಗಿ ಗಟ್ಟಿಯಾದ ರಬ್ಬರ್ ತಣ್ಣಗಿದ್ದಾಗ ಕುಗ್ಗಿ ಸಂದು ಬಿಡುತ್ತದೆ, ಕಾದಾಗ ಹಿಗ್ಗಿ ಅದನ್ನು ಒಂದಿಷ್ಟು ಮುಚ್ಚುತ್ತದೆ.

ಥ್ರಾಟಲ್ ಬಾಡಿ ತೊಳೆದ ಮೇಲೆ ಒಂದೆರಡು ವಾರ ಸುಧಾರಿಸಿದ್ದು ಏಕೆ ಎಂಬುದು ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ ಸಂಗತಿ. ಥ್ರಾಟಲ್‌ನ ಅಂಚಿಗೆ ಮಸಿ ಕಟ್ಟಿದಾಗ ಗಾಳಿಯ ದಾರಿ ಕಿರಿದಾಗುತ್ತದೆ. ಇಸಿಯು ಅದನ್ನು ಗಮನಿಸಿ ಐಡ್ಲಿಂಗ್ ಉಳಿಸಲು ಸ್ವಲ್ಪ ಸ್ವಲ್ಪವಾಗಿ ದಾರಿಯನ್ನು ಹೆಚ್ಚು ತೆರೆಯುವುದನ್ನು ರೂಢಿಸಿಕೊಂಡಿರುತ್ತದೆ. ಮಸಿ ಏಕಾಏಕಿ ಹೋದರೆ ಹಳೆಯ ರೂಢಿಯಂತೆ ತೆರೆದ ದಾರಿಯಿಂದ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ನುಗ್ಗಿ ಐಡ್ಲಿಂಗ್ 900, 1,000 ಆರ್‌ಪಿಎಂಗೆ ಏರಬಹುದು. ಆ ವೇಗದಲ್ಲಿ ನಡುಕ ಅಡಗಿರುತ್ತದೆ. ಇಸಿಯು ಹೊಸ ಸ್ಥಿತಿಯನ್ನು ಕಲಿತು ಮತ್ತೆ 750ಕ್ಕೆ ಇಳಿಸಿದ ದಿನ ನಡುಕ ವಾಪಸ್ ಬರುತ್ತದೆ. ಆ ವಾರಗಳಲ್ಲಿ ಮುಳ್ಳು ಎಂದಿಗಿಂತ ಮೇಲೆ ನಿಂತಿತ್ತೇ ಎಂದು ನೆನಪಿಸಿಕೊಳ್ಳಿ. ಹೌದಾದರೆ, ತೊಳೆದದ್ದರಿಂದ ಕಾಯಿಲೆ ವಾಸಿಯಾಗಿರಲಿಲ್ಲ, ಮರೆಯಾಗಿತ್ತು. ಥ್ರಾಟಲ್ ತೊಳೆಸಿದ್ದು ವ್ಯರ್ಥ ಎಂದು ನಾನು ಹೇಳುತ್ತಿಲ್ಲ, 92,000 ಕಿಲೋಮೀಟರ್‌ಗೆ ಅದು ಆಗಲೇಬೇಕಾದ ಕೆಲಸ. ಮುಂದೆ ತೊಳೆಸುವಾಗ ಅದಕ್ಕೆಂದೇ ಇರುವ ಕ್ಲೀನರ್ ಬಳಸಲಿ, ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ಇಗ್ನಿಷನ್ ಆನ್ ಇರುವಾಗ ಅದರ ತಟ್ಟೆಯನ್ನು ಬೆರಳಿನಿಂದ ತಳ್ಳದಿರಲಿ, ಮತ್ತು ಮುಗಿದ ಮೇಲೆ ಸ್ಕ್ಯಾನರ್‌ನಿಂದಲೋ ತಯಾರಕರು ಹೇಳಿದ ಕ್ರಮದಿಂದಲೋ ಐಡ್ಲಿಂಗ್ ಅನ್ನು ಮರುಕಲಿಸಲಿ.

ಇನ್ನು ಪರೀಕ್ಷೆಗಳು. ಸ್ಕ್ಯಾನರ್‌ನಲ್ಲಿ ಮಿಸ್ಸಿಂಗ್ ಯಾವ ಸಿಲಿಂಡರ್‌ನದು ಎಂದು ಸ್ಪಷ್ಟವಾದರೆ ಅರ್ಧ ಕೆಲಸ ಮುಗಿದಂತೆ. ಆಗದಿದ್ದರೆ ಹಳೆಯ ಕ್ರಮವನ್ನೇ ಹಿಡಿಯಬೇಕು: ಒಂದೊಂದೇ ಸಿಲಿಂಡರ್‌ನ ಕೆಲಸ ನಿಲ್ಲಿಸಿ ಇಂಜಿನ್‌ನ ಪ್ರತಿಕ್ರಿಯೆ ನೋಡುವುದು. ಇದನ್ನು ಕಾಯಿಲ್ ಎಳೆದು ಮಾಡುವುದು ನಮ್ಮಲ್ಲಿ ರೂಢಿ, ಆದರೆ ಅದು ಒಳ್ಳೆಯ ರೂಢಿಯಲ್ಲ. ಸಾವಿರಾರು ವೋಲ್ಟ್‌ನ ಕಿಡಿ ಕೈಗೆ ಹೊಡೆಯಬಹುದು, ದಾರಿ ಸಿಗದ ಆ ವೋಲ್ಟೇಜ್‌ನಿಂದ ಕಾಯಿಲ್ ಸುಡಬಹುದು, ಜೊತೆಗೆ ಉರಿಯದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗುತ್ತದೆ. ಅದರ ಬದಲು ಇಂಜಿನ್ ಆಫ್ ಮಾಡಿ, ಒಂದು ಇಂಜೆಕ್ಟರ್‌ನ ಕನೆಕ್ಟರ್ ಬಿಡಿಸಿ, ಮತ್ತೆ ಸ್ಟಾರ್ಟ್ ಮಾಡಿ ಕೆಲವೇ ಸೆಕೆಂಡು ನೋಡಿದರೆ ಸಾಕು. ಚೆನ್ನಾಗಿರುವ ಸಿಲಿಂಡರ್‌ನದು ಬಿಡಿಸಿದರೆ ನಡುಕ ಇನ್ನಷ್ಟು ಹೆಚ್ಚುತ್ತದೆ. ಮೊದಲೇ ಸತ್ತಿರುವ ಸಿಲಿಂಡರ್‌ನದು ಬಿಡಿಸಿದರೆ ಏನೂ ವ್ಯತ್ಯಾಸವಾಗುವುದಿಲ್ಲ. ಇಸಿಯು ಐಡ್ಲಿಂಗ್ ಅನ್ನು ತಾನೇ ಎತ್ತಿ ಹಿಡಿಯಲು ಯತ್ನಿಸುವುದರಿಂದ ಮುಳ್ಳನ್ನಷ್ಟೇ ನಂಬದೆ ನಡುಕದ ಬಗೆಯನ್ನೂ ಗಮನಿಸಬೇಕು. ಈ ಪರೀಕ್ಷೆಯಿಂದ ಹೊಸ ಸಂಕೇತಗಳು ದಾಖಲಾಗುತ್ತವೆ, ಅವನ್ನು ಕೊನೆಯಲ್ಲಿ ಅಳಿಸಬಹುದು.

ಉದಾಹರಣೆಗೆ ಮೂರನೆಯ ಸಿಲಿಂಡರ್ ಎಂದು ತಿಳಿಯಿತು ಎನ್ನೋಣ. ಆಗ ಮೂರನೆಯದರ ಕಾಯಿಲ್ ಅನ್ನು ಒಂದನೆಯದಕ್ಕೂ ಒಂದನೆಯದನ್ನು ಮೂರಕ್ಕೂ ಹಾಕಿ ಒಂದು ದಿನ ಓಡಿಸಿ. ಮಿಸ್ಸಿಂಗ್ ಒಂದಕ್ಕೆ ಹೋದರೆ ಕಾಯಿಲ್ ದೋಷಿ, ಒಂದು ರೂಪಾಯಿ ಖರ್ಚಿಲ್ಲದೆ ಸಿಕ್ಕಿಬಿದ್ದಿತು. ಮೂರರಲ್ಲೇ ಉಳಿದರೆ ಪ್ಲಗ್ ಅನ್ನು, ಆಮೇಲೆ ಇಂಜೆಕ್ಟರ್ ಅನ್ನು ಇದೇ ರೀತಿ ಅದಲುಬದಲು ಮಾಡಬಹುದು. ನೀವು ಪ್ಲಗ್ ಹೊಸದಾಗಿ ಹಾಕಿಸಿದ್ದೀರಿ ಎಂಬ ಕಾರಣಕ್ಕೆ ಅದನ್ನು ಬಿಟ್ಟುಬಿಡಬೇಡಿ; ಹೊಸ ಪ್ಲಗ್‌ನ ಪಿಂಗಾಣಿ ಕೂಡ ಬಿಗಿಯುವಾಗ ಸಣ್ಣದಾಗಿ ಸೀಳಿರಬಹುದು, ಗ್ಯಾಪ್ ತಪ್ಪಿರಬಹುದು. ತೆಗೆದಾಗ ನಾಲ್ಕನ್ನೂ ಸಾಲಾಗಿ ಇಟ್ಟು ಹೋಲಿಸಿ. ಮೂರು ಪ್ಲಗ್‌ಗಳ ತುದಿ ತಿಳಿ ಕಂದು ಬಣ್ಣಕ್ಕಿದ್ದು ಒಂದು ಮಾತ್ರ ಬೆಳ್ಳಗಿದ್ದರೆ ಆ ಸಿಲಿಂಡರ್‌ಗೆ ಗಾಳಿ ಹೆಚ್ಚಾಗಿದೆ ಅಥವಾ ಪೆಟ್ರೋಲ್ ಕಡಿಮೆಯಾಗಿದೆ. ಕಪ್ಪಾಗಿ ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಆಯಿಲ್‌ನಿಂದ ಒದ್ದೆಯಾಗಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್‌ನತ್ತ ನೋಡಬೇಕು. ಪ್ಲಗ್ ಕೂರುವ ಬಾವಿಯಲ್ಲೇ ಆಯಿಲ್ ನಿಂತಿದ್ದರೆ ಅದು ಬೇರೆ ವಿಷಯ, ಇಂಜಿನ್ನಿನ ಮೇಲ್ಮುಚ್ಚಳದ (ಟ್ಯಾಪೆಟ್ ಕವರ್) ಪ್ಯಾಕಿಂಗ್ ಸೋರಿ ಮೇಲಿನಿಂದ ಇಳಿದ ಆಯಿಲ್ ಅದು. ಕಾಯಿಲ್‌ನ ರಬ್ಬರ್ ಟೋಪಿ ಅದರಲ್ಲಿ ನೆನೆದು ಕೊಳೆತಾಗ ಕಿಡಿ ಪ್ಲಗ್‌ನ ಹೊರಮೈಯಿಂದ ಜಾರುತ್ತದೆ, ಪಿಂಗಾಣಿಯ ಮೇಲೆ ತೆಳುವಾದ ಕಪ್ಪು ಗೆರೆ ಕಾಣುತ್ತದೆ. ಬಾನೆಟ್ ತೆರೆದಾಗಲೇ ವೈರಿಂಗ್ ಕೂಡ ಒಮ್ಮೆ ನೋಡಿ. ಬೇಸ್‌ಮೆಂಟ್‌ನಲ್ಲಿ ನಿಲ್ಲುವ ಕಾರುಗಳಲ್ಲಿ ಇಂಜೆಕ್ಟರ್ ತಂತಿಯನ್ನು ಇಲಿ ಕಡಿದು ಮಿಸ್ಸಿಂಗ್ ಬಂದ ಪ್ರಕರಣಗಳು, ಮಳೆಗಾಲದಲ್ಲಂತೂ, ಯಾವ ಮೆಕ್ಯಾನಿಕ್‌ಗೂ ಹೊಸದಲ್ಲ.

ಗಾಳಿಯ ಸೋರಿಕೆಯನ್ನು ಪತ್ತೆ ಮಾಡುವಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಮರೆತರೆ ಸ್ಕ್ಯಾನರ್ ನಿಮ್ಮನ್ನು ದಾರಿ ತಪ್ಪಿಸಬಹುದು. ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇರುವ ಕಾರುಗಳಲ್ಲಿ, ಸೆನ್ಸರ್ ದಾಟಿದ ಮೇಲೆ ಕಳ್ಳದಾರಿಯಿಂದ ಬಂದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಪ್ರಮಾಣಕ್ಕೆ ಮಾಡುವ ತಿದ್ದುಪಡಿ) ಐಡ್ಲಿಂಗ್‌ನಲ್ಲಿ ಶೇಕಡಾ 15, 20ರಷ್ಟು ಮೇಲೇರಿ, 2,500 ಆರ್‌ಪಿಎಂನಲ್ಲಿ ಹಿಡಿದಾಗ ಸಹಜಕ್ಕೆ ಇಳಿಯುತ್ತದೆ. ಆ ಇಳಿತವೇ ಸೋರಿಕೆಯ ಗುರುತು. ಆದರೆ ನಮ್ಮಲ್ಲಿನ ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಆ ಸೆನ್ಸರ್ ಇಲ್ಲ, ಮ್ಯಾನಿಫೋಲ್ಡ್‌ನ ಒಳಗಿನ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರ್ ಇದೆ. ಅಲ್ಲಿ ಸೋರಿಕೆಯ ಗಾಳಿಯೂ ಒತ್ತಡವನ್ನು ಏರಿಸುವುದರಿಂದ ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಕೊಟ್ಟುಬಿಡುತ್ತದೆ, ಟ್ರಿಮ್ ಹೆಚ್ಚು ಕದಲುವುದಿಲ್ಲ. ಸೋರಿಕೆ ಎಲ್ಲ ಸಿಲಿಂಡರ್‌ಗಳಿಗೂ ಸಮಾನವಾಗಿದ್ದರೆ ಐಡ್ಲಿಂಗ್ ಮೇಲೇರುತ್ತದೆ ಅಷ್ಟೆ. ಅದು ಒಂದೇ ಸಿಲಿಂಡರ್‌ನ ಬಾಯಿಯ ಬಳಿ ಇದ್ದರೆ ಆ ಸಿಲಿಂಡರ್‌ಗೆ ಮಾತ್ರ ಗಾಳಿ ಹೆಚ್ಚಾಗಿ ಮಿಸ್ಸಿಂಗ್ ಬರುತ್ತದೆ, ಉಳಿದ ಮೂರರ ಮಿಶ್ರಣದ ಜೊತೆ ಸರಾಸರಿಯಾಗಿ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗೆ ದೊಡ್ಡ ವ್ಯತ್ಯಾಸವೇ ಕಾಣುವುದಿಲ್ಲ. “ಟ್ರಿಮ್ ನಾರ್ಮಲ್ ಇದೆ, ಲೀಕ್ ಇಲ್ಲ” ಎಂದು ಯಾರಾದರೂ ಹೇಳಿದರೆ ನಿಮ್ಮ ಕಾರಿನಲ್ಲಿ ಯಾವ ಸೆನ್ಸರ್ ಇದೆ ಎಂದು ಮೊದಲು ಕೇಳಿ.

ಟ್ರಿಮ್ ಓದುವಾಗ ಈಗಿನ ಪೆಟ್ರೋಲ್ ಅನ್ನೂ ನೆನಪಿನಲ್ಲಿಡಬೇಕು. ದೇಶದ ಪೆಟ್ರೋಲ್‌ನಲ್ಲಿ ಎಥನಾಲ್‌ನ ಪಾಲು 2025ರಲ್ಲಿ ಶೇಕಡಾ 20ಕ್ಕೆ ಮುಟ್ಟಿದೆ. ಶುದ್ಧ ಪೆಟ್ರೋಲ್‌ಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕಾದರೆ ಎಥನಾಲ್‌ಗೆ ಸುಮಾರು 9 ಪಾಲು ಸಾಕು, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಶೇಕಡಾ 10ರ ಮಿಶ್ರಣಕ್ಕೆ ಹೊಂದಿಸಿದ್ದ ಇಂಜಿನ್ ಶೇಕಡಾ 20ರ ಮಿಶ್ರಣದಲ್ಲಿ ಓಡುವಾಗ ಟ್ರಿಮ್ ಶೇಕಡಾ ನಾಲ್ಕರಷ್ಟು ಮೇಲಕ್ಕೆ ಸರಿಯುವುದು ಸಹಜ. ಅದನ್ನೇ ದೋಷವೆಂದು ಎಣಿಸಬಾರದು. ಆದರೆ ಆಕ್ಸಿಜನ್ ಸೆನ್ಸರ್ ಕಾಯುವ ಮೊದಲಿನ ಬೆಳಗಿನ ಒಂದೆರಡು ನಿಮಿಷಗಳಲ್ಲಿ ಈ ತಿದ್ದುಪಡಿ ಪೂರ್ತಿಯಾಗಿ ನಡೆಯದ ಕಾರಣ, ಮೊದಲೇ ಗಾಳಿ ಹೆಚ್ಚಾಗಿರುವ ಸಿಲಿಂಡರ್‌ಗೆ ಅದು ಮತ್ತೊಂದು ಹೊಡೆತ. ನಿಮ್ಮ ಬೆಳಗಿನ ನಡುಕದಲ್ಲಿ ಇದರ ಪಾಲೂ ಇರಬಹುದು.

ಸೋರಿಕೆಯ ಜಾಗ ಹುಡುಕಲು ಅತ್ಯುತ್ತಮ ಉಪಾಯ ಸ್ಮೋಕ್ ಟೆಸ್ಟ್. ಇಂಜಿನ್ ಆಫ್ ಇರುವಾಗ ಇನ್‌ಟೇಕ್‌ನೊಳಗೆ ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿದರೆ ಬಿರುಕಿದ್ದಲ್ಲಿ ಅದು ಕಣ್ಣಿಗೆ ಕಾಣುವಂತೆ ಹೊರಬರುತ್ತದೆ. ತಣ್ಣಗಿದ್ದಾಗ ಹೆಚ್ಚು ಎಂಬ ನಿಮ್ಮ ದೂರಿಗೆ, ಕಾರನ್ನು ರಾತ್ರಿ ಗ್ಯಾರೇಜ್‌ನಲ್ಲೇ ಬಿಟ್ಟು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಈ ಪರೀಕ್ಷೆ ಮಾಡಿಸುವುದು ಮುಖ್ಯ. ಓಡಿಸಿಕೊಂಡು ಹೋಗಿ ಬಿಸಿ ಇಂಜಿನ್‌ನಲ್ಲಿ ಮಾಡಿಸಿದರೆ ರಬ್ಬರ್ ಹಿಗ್ಗಿ ಏನೂ ಸಿಗದಿರಬಹುದು. ಹೊಗೆ ಯಂತ್ರ ಇಲ್ಲದ ಕಡೆ ಕಾರ್ಬ್ ಕ್ಲೀನರ್ ಸಿಂಪಡಿಸಿ ಇಂಜಿನ್ ಶಬ್ದ ಬದಲಾಗುವುದನ್ನು ನೋಡುತ್ತಾರೆ, ಅದು ಕಾದ ಎಕ್ಸಾಸ್ಟ್ ಮೇಲೆ ಬಿದ್ದರೆ ಹೊತ್ತಿಕೊಳ್ಳುವ ವಸ್ತು, ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಸಣ್ಣ ಸ್ಪ್ರೇ ಬಾಟಲಿಯಿಂದ ಗ್ಯಾಸ್ಕೆಟ್‌ನ ಅಂಚಿಗೆ ನೀರಿನ ತುಂತುರು ಹೊಡೆದರೂ, ಸೋರಿಕೆ ಇದ್ದರೆ ಕ್ಷಣಕಾಲ ಶಬ್ದ ಬದಲಾಗುತ್ತದೆ. ಕಾಯಿಲ್‌ಗಳ ಮೇಲೆ ನೀರು ಬೀಳದಂತೆ ನೋಡಿಕೊಂಡರೆ ಸಾಕು. ಗ್ಯಾಸ್ಕೆಟ್ ಜೊತೆಗೆ ಇಂಜಿನ್ನಿನ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಕಳುಹಿಸುವ ಪಿಸಿವಿ ವಾಲ್ವ್‌ನ ರಬ್ಬರ್ ಕೊಳವೆ, ಬ್ರೇಕ್ ಬೂಸ್ಟರ್‌ಗೆ ಹೋಗುವ ಕೊಳವೆ ಇವನ್ನೂ ಬಗ್ಗಿಸಿ ನೋಡಬೇಕು, ಬಿರುಕುಗಳು ಮಡಿಕೆಯ ಒಳಗಡೆ ಅಡಗಿರುತ್ತವೆ. ಪೆಟ್ರೋಲ್ ಟ್ಯಾಂಕ್‌ನ ಆವಿಯನ್ನು ಇಂಜಿನ್‌ಗೆ ತರುವ ಪರ್ಜ್ ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿದ್ದರೆ ಟ್ಯಾಂಕ್ ತುಂಬಿಸಿದ ತಕ್ಷಣ ಸ್ಟಾರ್ಟ್ ಆಗಲು ಕಷ್ಟವಾಗುತ್ತದೆ. ನೀವು ಹಾಗೇನೂ ಬರೆದಿಲ್ಲ, ಆದರೂ ಅದರ ಕೊಳವೆಯನ್ನು ಒಂದು ಕ್ಷಣ ಹಿಸುಕಿ ಹಿಡಿದು ನೋಡಲು ಖರ್ಚೇನಿಲ್ಲ.

ಸೋರಿಕೆ ಸಿಗದಿದ್ದರೆ ಕಂಪ್ರೆಶನ್ ಅಳೆಯಬೇಕು, ಇಂಜೆಕ್ಟರ್ ಕೊಳ್ಳುವ ಮೊದಲೇ. ಇಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಇಂಜೆಕ್ಟರ್ ಮತ್ತು ಕಾಯಿಲ್‌ಗಳನ್ನು ನಿಷ್ಕ್ರಿಯಗೊಳಿಸಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಬ್ಯಾಟರಿ ತುಂಬಿರಬೇಕು; ಇವುಗಳಲ್ಲಿ ಒಂದು ತಪ್ಪಿದರೂ ಅಂಕಿ ಸುಳ್ಳು ಹೇಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡ ಸುಮಾರು 91 ಕಿಲೋಪ್ಯಾಸ್ಕಲ್, ಮಂಗಳೂರಿನಲ್ಲಿ 101ರ ಆಸುಪಾಸು. ಹೀಗಾಗಿ ಕೈಪಿಡಿಯ ಅಂಕಿಗಿಂತ ಶೇಕಡಾ 10ರಷ್ಟು ಕಡಿಮೆ ಬಂದರೆ ಇಂಜಿನ್ ಸವೆದಿದೆ ಎಂದು ಯಾರಾದರೂ ಹೆದರಿಸಿದರೆ ಹೆದರಬೇಕಿಲ್ಲ. ಮುಖ್ಯವಾದದ್ದು ನಾಲ್ಕರ ನಡುವಿನ ವ್ಯತ್ಯಾಸ, ಅದು ಶೇಕಡಾ 15 ದಾಟಿದರೆ ಮಾತ್ರ ಚಿಂತೆ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ವಾಲ್ವ್ ಎಂದಾಕ್ಷಣ ಹೆಡ್ ಇಳಿಸುವ ಮಾತಿಗೆ ಒಪ್ಪಬೇಡಿ. ವಾಲ್ವ್ ಅನ್ನು ತಳ್ಳುವ ಟ್ಯಾಪೆಟ್ ಹೈಡ್ರಾಲಿಕ್ ಅಲ್ಲದ ಇಂಜಿನ್‌ಗಳಲ್ಲಿ ವಾಲ್ವ್ ಸೀಟು ಸವೆದಂತೆ ಟ್ಯಾಪೆಟ್ ಸಂದು ಕಿರಿದಾಗುತ್ತಾ ಬಂದು ವಾಲ್ವ್ ಪೂರ್ತಿ ಮುಚ್ಚದಾಗುತ್ತದೆ, ಸಮಯಕ್ಕೆ ಸರಿಯಾಗಿ ಗೊತ್ತಾದರೆ ಟ್ಯಾಪೆಟ್ ಸೆಟ್ಟಿಂಗ್‌ನಲ್ಲೇ ಸರಿಹೋಗುತ್ತದೆ. ಹೊರಗಿನಿಂದ ಸಿಎನ್‌ಜಿ ಕಿಟ್ ಹಾಕಿಸಿದ ಕಾರುಗಳಲ್ಲಿ ಇದನ್ನು ಮೊದಲೇ ನೋಡಿಸುವುದು ಒಳ್ಳೆಯದು. ಸೈಲೆನ್ಸರ್ ಬಾಯಿಯ ಮುಂದೆ ಕಾಗದದ ತುಂಡು ಹಿಡಿಯುವ ಹಳೆಯ ಉಪಾಯವೂ ಪೂರ್ತಿ ಕೆಲಸಕ್ಕೆ ಬಾರದ್ದಲ್ಲ: ಕಾಗದ ಹೊರಗೆ ಹಾರುತ್ತಾ ಆಗಾಗ ಒಳಕ್ಕೆ ಸೆಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಮೇಲೆ ಅನುಮಾನ ಪಡಬಹುದು.

ಇಂಜೆಕ್ಟರ್‌ಗಳ ಸರದಿ ಈಗ ಬರುತ್ತದೆ. ನಾಲ್ಕೂ ಒಟ್ಟಿಗೆ ಕೆಡುವುದು ಅಪರೂಪ, ಮತ್ತು ಕಟ್ಟಿಕೊಂಡ ಇಂಜೆಕ್ಟರ್ ಅನ್ನು ಬದಲಿಸುವ ಮೊದಲು ತೊಳೆಯಬಹುದು. ನಾಲ್ಕನ್ನೂ ತೆಗೆದು ಪರೀಕ್ಷಾ ಬೆಂಚ್‌ನಲ್ಲಿ ಹರಿವನ್ನು ಅಳೆದು, ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆದು, ಮತ್ತೆ ಅಳೆದ ಅಂಕಿಗಳನ್ನು ನಿಮಗೆ ತೋರಿಸುವ ಗ್ಯಾರೇಜ್ ಆದರೆ ಒಪ್ಪಿ. ಟ್ಯಾಂಕ್‌ಗೆ ಸುರಿಯುವ ಬಾಟಲಿ, “ಡಿಕಾರ್ಬನೈಸಿಂಗ್” ಎಂಬ ಹೆಸರಿನ ಪ್ಯಾಕೇಜ್ ಇವುಗಳ ಬಗ್ಗೆ ನನಗೆ ಹೆಚ್ಚು ನಂಬಿಕೆಯಿಲ್ಲ. ನಿಮ್ಮದರಂತೆ ಪೆಟ್ರೋಲ್ ಅನ್ನು ಇನ್‌ಟೇಕ್ ಪೋರ್ಟ್‌ಗೆ ಚಿಮ್ಮಿಸುವ ಇಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್ ಅನ್ನು ಪೆಟ್ರೋಲೇ ತಕ್ಕಮಟ್ಟಿಗೆ ತೊಳೆಯುತ್ತಿರುತ್ತದೆ.

ಮೌಂಟಿಂಗ್ ಬಗ್ಗೆ ಹೇಳಿದವರು ಪೂರ್ತಿ ತಪ್ಪಿರಲಾರರು. ಹನ್ನೊಂದು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿರುವುದು ಬಹುತೇಕ ಖಚಿತ, ಮತ್ತು ಗಟ್ಟಿಯಾದ ಮೌಂಟಿಂಗ್ ಸಣ್ಣ ಮಿಸ್ಸಿಂಗ್ ಅನ್ನೂ ದೊಡ್ಡದಾಗಿ ತೋರಿಸುತ್ತದೆ. ಸ್ಟಾರ್ಟ್ ಮಾಡುವಾಗ, ಆಫ್ ಮಾಡುವಾಗ ಧಡ್ ಎಂಬ ಏಟು ಕೇಳಿಸುವುದು, ರಿವರ್ಸ್ ಗೇರಿನಲ್ಲಿ ಕ್ಲಚ್ ಬಿಡುವಾಗ ನಡುಕ ಹೆಚ್ಚುವುದು, ದ್ರವ ತುಂಬಿದ ಮೌಂಟಿಂಗ್‌ನಿಂದ ಕಪ್ಪು ಎಣ್ಣೆ ಜಿನುಗಿರುವುದು ಇವೆಲ್ಲ ಅದರ ಲಕ್ಷಣಗಳು. ಆದರೆ ಕ್ರಮ ಮುಖ್ಯ. ಮಿಸ್ಸಿಂಗ್ ಇಟ್ಟುಕೊಂಡು ಮೌಂಟಿಂಗ್ ಬದಲಿಸಿದರೆ ನಡುಕ ಕಡಿಮೆಯಾಗಿ ನಿಮಗೆ ಸಮಾಧಾನವಾಗುತ್ತದೆ, ಒಳಗೆ ಕನ್ವರ್ಟರ್ ಮಾತ್ರ ಸುಡುತ್ತಲೇ ಇರುತ್ತದೆ. ಎಸಿ ಹಾಕಿದಾಗ ಜೋರಾಗುವುದನ್ನೂ ಹೀಗೆಯೇ ನೋಡಬೇಕು: ಕಂಪ್ರೆಸರ್‌ನ ಹೊರೆ ಬಿದ್ದಾಗ ಇಸಿಯು ಐಡ್ಲಿಂಗ್ ಅನ್ನು 50ರಿಂದ 150 ಆರ್‌ಪಿಎಂನಷ್ಟು ಏರಿಸಬೇಕು. ಏರಿದರೂ ನಡುಗುತ್ತಿದ್ದರೆ ಅದು ಅದೇ ಮಿಸ್ಸಿಂಗ್, ಏರದೆ ಕುಸಿಯುತ್ತಿದ್ದರೆ ಗಾಳಿಯ ನಿಯಂತ್ರಣವನ್ನು ಮತ್ತೆ ನೋಡಬೇಕು.

ಹಾಗಾಗಿ ಗ್ಯಾರೇಜ್‌ಗೆ ಹೋದಾಗ ಯಾವುದೇ ಬಿಡಿಭಾಗದ ಹೆಸರು ಹೇಳದೆ, ಮೊದಲು ದಾಖಲಾದ ಸಂಕೇತಗಳನ್ನು ಓದಿಸಿ ಬರೆದುಕೊಳ್ಳಿ, ಸಿಲಿಂಡರ್ ಯಾವುದೆಂದು ಪತ್ತೆ ಮಾಡಿಸಿ, ತಣ್ಣನೆಯ ಇಂಜಿನ್‌ನಲ್ಲಿ ಸ್ಮೋಕ್ ಟೆಸ್ಟ್ ಕೇಳಿ, ಅದರಲ್ಲಿ ಏನೂ ಸಿಗದಿದ್ದರೆ ಮಾತ್ರ ಕಂಪ್ರೆಶನ್‌ಗೆ ಹೋಗಿ. ಗ್ಯಾಸ್ಕೆಟ್ ಬದಲಿಸುವುದೇ ಆದರೆ ಮ್ಯಾನಿಫೋಲ್ಡ್‌ನ ಪ್ಲಾಸ್ಟಿಕ್ ಅಂಚು ಬಾಗಿಲ್ಲವೇ ಎಂದು ನೇರ ಪಟ್ಟಿ ಇಟ್ಟು ನೋಡಿಸಿ, ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೆ ಬಿಗಿಸಲಿ. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಸೀಳಿ ಹೊಸ ಸೋರಿಕೆ ಶುರುವಾಗುತ್ತದೆ. ಕೆಲಸ ಮುಗಿದ ಮೇಲೆ ಸಂಕೇತಗಳನ್ನು ಅಳಿಸಿ, ಐಡ್ಲಿಂಗ್ ಮರುಕಲಿಸಿ, ಕೆಲವು ದಿನ ಓಡಿಸಿ, ಮುಳ್ಳು ತನ್ನ ಸಹಜ ಜಾಗಕ್ಕೆ ಬಂದು ನಿಂತ ನಂತರ ಒಂದು ಬೆಳಿಗ್ಗೆ ಸ್ಕ್ಯಾನರ್ ಹಾಕಿ ಹತ್ತು ನಿಮಿಷ ಎಸಿ ಆನ್ ಇಟ್ಟು ಮಿಸ್ಸಿಂಗ್‌ನ ಎಣಿಕೆ ನೋಡಿ. ನಾಲ್ಕೂ ಸಿಲಿಂಡರ್‌ಗಳಲ್ಲಿ ಅದು ಸೊನ್ನೆಯಾಗಿದ್ದು ಸ್ಟಿಯರಿಂಗ್‌ನಲ್ಲಿ ಇನ್ನೂ ಗುಂಯ್‌ಗಾರ ಉಳಿದಿದ್ದರೆ, ಆಗ ಮೌಂಟಿಂಗ್‌ಗೆ ಆರ್ಡರ್ ಕೊಡಿ.